ಬೀಜಗಣಿತ, ಆರಂಭಿಕ ಕಲನಶಾಸ್ತ್ರ: ಲೆಕ್ಕ ಬಿಡಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯಾರ್ಥಿಗಳೂ ಪಾಲಕರೂ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇವೆ. ಗೊತ್ತಿಲ್ಲದ ಸಂಖ್ಯೆಗೆ ‘ಯ’ ಎಂದು ಬರೆದಿದ್ದೇವೆ. ಇದು ಹೊಸದೇನಲ್ಲ. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ‘ಯಾವತ್ತಾವತ್’ ಎಂಬ ಮಾತಿನ ಮೊದಲಕ್ಷರ ‘ಯಾ’ವನ್ನು ಅಜ್ಞಾತಕ್ಕೆ ಬಳಸುತ್ತಿದ್ದರು. ಎರಡನೆಯ ಅಜ್ಞಾತ ಬಂದರೆ ಕಾಲಕದ ‘ಕಾ’, ಮೂರನೆಯದು ಬಂದರೆ ನೀಲಕದ ‘ನೀ’. ನಿಮ್ಮ ನೋಟ್‌ಬುಕ್ಕಿನಲ್ಲಿ ಬೇರೆ ಅಕ್ಷರವಿದ್ದರೆ ಅದನ್ನೇ ಇಟ್ಟುಕೊಳ್ಳಿ, ಲೆಕ್ಕ ಬದಲಾಗುವುದಿಲ್ಲ.

## ಮೊದಲ ಹೆಜ್ಜೆಗಳು

“ಆ ಕಡೆ ಹೋದರೆ ಪ್ಲಸ್ಸು ಮೈನಸ್ಸಾಗುತ್ತೆ” ಅಂತ ಕಲಿತಿದ್ದೀನಿ. ಆದರೂ ತಪ್ಪು ಬರುತ್ತೆ, ಯಾಕೆ?

ಸಮೀಕರಣದಲ್ಲಿ ಯಾವುದೂ ಯಾವ ಕಡೆಗೂ ಹೋಗುವುದಿಲ್ಲ. 3ಯ − 7 = 11 ಎಂದಿದ್ದಾಗ ನಾವು ಎರಡೂ ಬದಿಗೆ 7 ಕೂಡುತ್ತೇವೆ. ಎಡಗಡೆ −7 + 7 ಸೊನ್ನೆಯಾಗಿ 3ಯ ಮಾತ್ರ ಉಳಿಯುತ್ತದೆ, ಬಲಗಡೆ 18 ಆಗುತ್ತದೆ. ಪಕ್ಷಾಂತರ ಎನ್ನುವುದು ಈ ಕೆಲಸದ ಚುಟುಕು ಹೆಸರು, ಅಷ್ಟೆ.

ಚುಟುಕನ್ನೇ ನಿಯಮವೆಂದು ನಂಬಿದವರು ಮುಂದಿನ ಸಾಲಿನಲ್ಲಿ ಎಡವುತ್ತಾರೆ. 3ಯ = 18 ಬಂದಾಗ ‘3 ಆ ಕಡೆ ಹೋದರೆ −3’ ಎಂದುಕೊಂಡು ಯ = 15 ಎಂದೋ ಯ = −6 ಎಂದೋ ಬರೆದುಬಿಡುತ್ತಾರೆ. ಇಲ್ಲಿ 3 ಕೂಡಿಕೊಂಡಿಲ್ಲ, ಗುಣಿಸಿಕೊಂಡಿದೆ. ಅದನ್ನು ಬಿಡಿಸಲು ಎರಡೂ ಬದಿಯನ್ನು 3ರಿಂದ ಭಾಗಿಸಬೇಕು: ಯ = 6. ತಾಳೆ ನೋಡಿ: 3 × 6 − 7 = 11, ಸರಿಯಾಯಿತು. ಅಭ್ಯಾಸವಾಗುವ ತನಕ ಪ್ರತಿ ಸಾಲಿನ ಬಲ ಅಂಚಿನಲ್ಲಿ ‘+7’, ‘÷3’ ಎಂದು ಎರಡೂ ಬದಿಗೆ ಏನು ಮಾಡಿದಿರಿ ಎನ್ನುವುದನ್ನು ಬರೆದಿಡಿ. ಹಾಗೆ ಬರೆಯಲು ಆಗದ ಸಾಲು ಇದ್ದರೆ ತಪ್ಪು ಅಲ್ಲೇ ಇದೆ.

ಆವರಣದ ಮುಂದೆ ಮೈನಸ್ ಇದ್ದರೆ ಪ್ರತಿ ಸಲವೂ ತಪ್ಪಾಗುತ್ತೆ. ಏನು ಮಾಡಲಿ?

5 − 2(ಯ − 3) = 1 ತೆಗೆದುಕೊಳ್ಳೋಣ. ಇದರಲ್ಲಿ ಎರಡು ಬಗೆಯ ತಪ್ಪು ನಡೆಯುತ್ತದೆ. ಮೊದಲನೆಯದು, 5ರಿಂದ 2 ಕಳೆದು 3(ಯ − 3) ಎಂದು ಬರೆಯುವುದು. 2 ಆವರಣಕ್ಕೆ ಗುಣಾಕಾರದಲ್ಲಿ ಅಂಟಿಕೊಂಡಿದೆ, ಕಳೆಯುವ ಕೆಲಸ ಗುಣಾಕಾರ ಮುಗಿದ ಮೇಲಿನದು. ಎರಡನೆಯದು, 5 − 2ಯ − 6 ಎಂದು ಬರೆಯುವುದು. ಇಲ್ಲಿ ಮೈನಸ್ ಮೊದಲ ಪದಕ್ಕೆ ತಲುಪಿ ಎರಡನೆಯದಕ್ಕೆ ತಲುಪಿಲ್ಲ.

ಗುಣಕವನ್ನು ಚಿಹ್ನೆಯ ಸಮೇತ, ಅಂದರೆ ‘−2’ ಎಂದೇ ಓದಿ. −2 × ಯ = −2ಯ, −2 × −3 = +6. ಆಗ 5 − 2ಯ + 6 = 1, 11 − 2ಯ = 1, −2ಯ = −10, ಯ = 5. ತಾಳೆ: 5 − 2(2) = 1. ತಪ್ಪು ದಾರಿಯಲ್ಲಿ ಬರುವ ಯ = −1 ಹಾಕಿ ನೋಡಿದರೆ ಎಡಬದಿ 13 ಆಗುತ್ತದೆ, ಕಳ್ಳ ಕೂಡಲೇ ಸಿಕ್ಕಿಬೀಳುತ್ತಾನೆ.

ಭಿನ್ನರಾಶಿ ಇರುವ ಸಮೀಕರಣ ನೋಡಿದರೇ ಭಯ. ಸುಲಭದ ದಾರಿ ಇದೆಯಾ?

ಇದೆ. ಮೊದಲ ಸಾಲಿನಲ್ಲೇ ಛೇದಗಳನ್ನೆಲ್ಲ ತೊಲಗಿಸಿಬಿಡಿ. (ಯ + 1)/2 − (ಯ − 2)/3 = 4. ಛೇದಗಳು 2 ಮತ್ತು 3, ಲ.ಸಾ.ಅ. 6. ಪ್ರತಿಯೊಂದು ಪದವನ್ನೂ 6ರಿಂದ ಗುಣಿಸಿ. ಒಂಟಿಯಾಗಿ ಕೂತಿರುವ 4ನ್ನೂ ಸೇರಿಸಿ, ಮರೆತುಹೋಗುವುದು ಹೆಚ್ಚಾಗಿ ಅದೇ:

3(ಯ + 1) − 2(ಯ − 2) = 24
3ಯ + 3 − 2ಯ + 4 = 24
ಯ + 7 = 24
ಯ = 17

ತಾಳೆ: 18/2 − 15/3 = 9 − 5 = 4. ಅಂಶಗಳಿಗೆ ಆವರಣ ಹಾಕಿಯೇ ಗುಣಿಸಿದ್ದನ್ನು ಗಮನಿಸಿ. ಭಿನ್ನರಾಶಿಯ ಗೆರೆ ಅದುವರೆಗೆ ಆವರಣದ ಕೆಲಸ ಮಾಡುತ್ತಿತ್ತು. ಗೆರೆ ಅಳಿಸಿದ ಕ್ಷಣ ಆವರಣ ಬರಬೇಕು.

ಈ ಉಪಾಯ ಸಮೀಕರಣಕ್ಕೆ ಮಾತ್ರ. ‘(ಯ + 1)/2 − (ಯ − 2)/3 ಸುಲಭೀಕರಿಸಿ’ ಎಂದು ಕೇಳಿದ್ದರೆ ಸಮ ಚಿಹ್ನೆಯೇ ಇಲ್ಲ, ಇನ್ನೊಂದು ಬದಿಯೂ ಇಲ್ಲ. ಆಗ 6ನ್ನು ಛೇದವಾಗಿ ಉಳಿಸಿಕೊಳ್ಳಲೇಬೇಕು: ಉತ್ತರ (ಯ + 7)/6.

ಮೇಲೂ ಕೆಳಗೂ ಒಂದೇ ಇದ್ದರೆ ಹೊಡೆದುಹಾಕಬಹುದಲ್ಲ?

ಅದು ಇಡೀ ಅಂಶದ ಅಪವರ್ತನವೂ ಇಡೀ ಛೇದದ ಅಪವರ್ತನವೂ ಆಗಿದ್ದರೆ ಮಾತ್ರ. (ಯ + 5)/5ರಲ್ಲಿ 5 ಹೊಡೆದು ‘ಯ’ ಎಂದರೆ ತಪ್ಪು; ಯ = 10 ಹಾಕಿದರೆ ನಿಜವಾದ ಬೆಲೆ 3, ನಿಮ್ಮದು 10. (ಯ² + 5ಯ)/ಯ ಬೇರೆ ಕಥೆ: ಮೇಲಿರುವುದು ಯ(ಯ + 5), ಆದ್ದರಿಂದ ಯ ಸೊನ್ನೆಯಲ್ಲದಿದ್ದಾಗ ಯ + 5.

(ಅ + ಬ)² ಅಂದರೆ ಅ² + ಬ² ಯಾಕಲ್ಲ?

3 ಮತ್ತು 4 ಹಾಕಿ ನೋಡಿ: 7² = 49, ಆದರೆ 9 + 16 = 25. ಕೊರತೆ 24, ಅದು 2 × 3 × 4. ಬದಿ ಅ + ಬ ಇರುವ ಚೌಕ ಬರೆದು ಒಳಗೆ ಗೆರೆ ಎಳೆದರೆ ಎರಡು ಚೌಕಗಳ ಜೊತೆಗೆ ಅ × ಬ ಅಳತೆಯ ಎರಡು ಆಯತಗಳೂ ಕಾಣುತ್ತವೆ. ಅವೇ 2ಅಬ. ವರ್ಗಮೂಲದಲ್ಲೂ ಇದೇ ತಪ್ಪು ನಡೆಯುತ್ತದೆ: √(9 + 16) = 5, 7 ಅಲ್ಲ.

ಎಷ್ಟು ಹಂತ ಬರೆಯಬೇಕು? ಮನಸ್ಸಲ್ಲೇ ಮಾಡಿದರೆ ಏನು ತೊಂದರೆ?

ಒಂದು ಸಾಲಿನಿಂದ ಮುಂದಿನ ಸಾಲಿಗೆ ಒಂದೇ ಕೆಲಸ, ಅದರಲ್ಲೂ ಚಿಹ್ನೆ ಬದಲಾಗುವ ಕಡೆ. ಆವರಣ ಬಿಡಿಸುವುದು ಒಂದು ಸಾಲು, ಸಜಾತಿ ಪದ ಕೂಡಿಸುವುದು ಇನ್ನೊಂದು. ಎರಡನ್ನೂ ಒಟ್ಟಿಗೆ ಮಾಡಿದಾಗ ತಪ್ಪಾದರೆ ಯಾವುದರಲ್ಲಿ ತಪ್ಪಿದಿರೆಂದು ನಿಮಗೂ ಗೊತ್ತಾಗುವುದಿಲ್ಲ, ತಿದ್ದುವವರಿಗೂ ಗೊತ್ತಾಗುವುದಿಲ್ಲ. ಸಮ ಚಿಹ್ನೆಗಳನ್ನು ಒಂದರ ಕೆಳಗೊಂದು ಬರೆಯಿರಿ. ‘3 + 4 = 7 × 2 = 14’ ಎಂದು ಸರಪಳಿಯಂತೆ ಬರೆಯುವುದನ್ನು ಇಂದೇ ಬಿಡಿ. 3 + 4 ಎಂದೂ 14 ಆಗುವುದಿಲ್ಲ. ಸಮ ಚಿಹ್ನೆಗೆ ‘ಮುಂದೇನು’ ಎಂಬ ಅರ್ಥವಿಲ್ಲ, ಎರಡೂ ಕಡೆ ಒಂದೇ ಬೆಲೆ ಎಂಬುದಷ್ಟೇ ಅದರ ಅರ್ಥ.

ಸಮೀಕರಣ ಕೊಟ್ಟರೆ ಬಿಡಿಸುತ್ತೇನೆ. ವಾಕ್ಯದಲ್ಲಿ ಕೊಟ್ಟರೆ ಕೈ ಓಡಲ್ಲ.

ಮೊದಲು ಬರೆಯಬೇಕಾದದ್ದು ಸಮೀಕರಣವಲ್ಲ, ‘ಯ ಅಂದರೆ ಏನು’ ಎಂಬ ಒಂದು ಪೂರ್ತಿ ವಾಕ್ಯ. ‘ಯ = ಮಗಳು’ ಎಂದು ಬರೆದರೆ ಸಾಲದು. ‘ಯ = ಮಗಳ ಈಗಿನ ವಯಸ್ಸು, ವರ್ಷಗಳಲ್ಲಿ’ ಎಂದು ಬರೆಯಿರಿ.

ತಂದೆಯ ವಯಸ್ಸು ಮಗಳ ವಯಸ್ಸಿನ 4 ಪಟ್ಟು. 5 ವರ್ಷದ ನಂತರ 3 ಪಟ್ಟಾಗುತ್ತದೆ. ಒಂದು ಪಟ್ಟಿ ಹಾಕಿ: ಈಗ ಮಗಳು ಯ, ತಂದೆ 4ಯ. 5 ವರ್ಷದ ನಂತರ ಮಗಳು ಯ + 5, ತಂದೆ 4ಯ + 5. ಇಬ್ಬರಿಗೂ ವಯಸ್ಸಾಗುತ್ತದೆ ಎಂಬುದನ್ನು ಮರೆತು ಒಬ್ಬರಿಗೆ ಮಾತ್ರ 5 ಕೂಡುವುದೇ ಇಲ್ಲಿನ ದೊಡ್ಡ ತಪ್ಪು. 4ಯ + 5 = 3(ಯ + 5), ಆದ್ದರಿಂದ ಯ = 10. ತಂದೆಗೆ 40; 5 ವರ್ಷದ ನಂತರ 45 ಮತ್ತು 15. ತಾಳೆ ನೋಡುವಾಗ ಸಮೀಕರಣಕ್ಕೆ ಹಾಕಬೇಡಿ, ಮೂಲ ವಾಕ್ಯಕ್ಕೆ ಹಾಕಿ; ಸಮೀಕರಣವೇ ತಪ್ಪಿದ್ದರೆ ಅದು ತನ್ನ ತಪ್ಪನ್ನು ತಾನೇ ಹೇಳುವುದಿಲ್ಲ.

ಕನ್ನಡ ವಾಕ್ಯದ ಕ್ರಮವನ್ನೂ ಗಮನವಿಟ್ಟು ಓದಿ. ‘ಸಂಖ್ಯೆಯ ಎರಡರಷ್ಟಕ್ಕೆ 3 ಕೂಡಿದಾಗ’ ಎಂದರೆ 2ಯ + 3. ‘ಸಂಖ್ಯೆಗೆ 3 ಕೂಡಿ ಎರಡರಷ್ಟು ಮಾಡಿದಾಗ’ ಎಂದರೆ 2(ಯ + 3). ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕೆಲಸಗಳು ನಡೆಯುವ ಕ್ರಮದಲ್ಲೇ ವಾಕ್ಯ ಸಾಗುತ್ತದೆ. ‘ಕೂಡಿ’, ‘ಮಾಡಿ’ಗಳನ್ನು ಎಣಿಸುತ್ತಾ ಹೋದರೆ ಆವರಣ ಎಲ್ಲಿ ಬೇಕೆಂದು ತಾನಾಗಿ ಗೊತ್ತಾಗುತ್ತದೆ.

## ವರ್ಗ ಸಮೀಕರಣ ಮತ್ತು ಅದರಾಚೆ

ಅಪವರ್ತನ ಮಾಡಬೇಕೋ ಸೂತ್ರ ಹಾಕಬೇಕೋ, ನೋಡಿದ ಕೂಡಲೇ ಹೇಗೆ ಗೊತ್ತಾಗುತ್ತೆ?

ಸಮೀಕರಣವನ್ನು ಅಯ² + ಬಯ + ಕ = 0 ರೂಪಕ್ಕೆ ತಂದು ಶೋಧಕ ಬ² − 4ಅಕ ಲೆಕ್ಕ ಹಾಕಿ. ಸಹಗುಣಕಗಳು ಪೂರ್ಣಾಂಕಗಳಾಗಿದ್ದು ಶೋಧಕ ಪೂರ್ಣವರ್ಗವಾಗಿದ್ದರೆ ಮಧ್ಯಪದ ಒಡೆಯುವ ವಿಧಾನ ಖಂಡಿತ ನಡೆಯುತ್ತದೆ. ಇಲ್ಲದಿದ್ದರೆ ಎಷ್ಟು ಹುಡುಕಿದರೂ ಸಂಖ್ಯೆ ಸಿಗುವುದಿಲ್ಲ, ಸೀದಾ ಸೂತ್ರಕ್ಕೆ ಹೋಗಿ.

6ಯ² − 7ಯ − 3 = 0ರಲ್ಲಿ ಶೋಧಕ 49 + 72 = 121, ಅಂದರೆ 11². ಗುಣಲಬ್ಧ 6 × (−3) = −18, ಮೊತ್ತ −7 ಆಗುವ ಜೋಡಿ −9 ಮತ್ತು 2:

6ಯ² − 9ಯ + 2ಯ − 3 = 0
3ಯ(2ಯ − 3) + 1(2ಯ − 3) = 0
(3ಯ + 1)(2ಯ − 3) = 0

ಮೂಲಗಳು −1/3 ಮತ್ತು 3/2. ಎರಡನೆಯ ಸಾಲಿನ ಆ ‘1’ ಬರೆಯದೆ ಬಿಟ್ಟವರು ಮೂರನೆಯ ಸಾಲಿನಲ್ಲಿ 3ಯ(2ಯ − 3) ಎಂದು ಮುಗಿಸಿಬಿಡುತ್ತಾರೆ. ಅವಸರದ ತಾಳೆ: ಮೂಲಗಳ ಮೊತ್ತ −ಬ/ಅ ಆಗಬೇಕು. ಇಲ್ಲಿ 7/6, ಸರಿ.

ಸೂತ್ರ ಬಾಯಿಪಾಠ ಇದೆ, ಆದರೂ ಉತ್ತರ ತಪ್ಪು. ಆ ಸೂತ್ರ ಎಲ್ಲಿಂದ ಬಂತು?

ಎಲ್ಲಿಂದ ಬಂತೆಂದು ಗೊತ್ತಾದರೆ ಮರೆಯುವ ಪ್ರಶ್ನೆಯೇ ಇರುವುದಿಲ್ಲ. ಅಯ² + ಬಯ + ಕ = 0 ಇಡೀ ಸಮೀಕರಣವನ್ನು 4ಅ ದಿಂದ ಗುಣಿಸಿ, ಎರಡೂ ಬದಿಯಿಂದ 4ಅಕ ಕಳೆದು, ಎರಡೂ ಬದಿಗೆ ಬ² ಕೂಡಿ:

4ಅ²ಯ² + 4ಅಬಯ + ಬ² = ಬ² − 4ಅಕ
(2ಅಯ + ಬ)² = ಬ² − 4ಅಕ
2ಅಯ + ಬ = ±√(ಬ² − 4ಅಕ)
ಯ = (−ಬ ± √(ಬ² − 4ಅಕ)) / 2ಅ

4ಅ ದಿಂದ ಗುಣಿಸುವ ಈ ಜಾಣತನ ಶ್ರೀಧರಾಚಾರ್ಯರದು. ಭಾಸ್ಕರಾಚಾರ್ಯರು ಅವರ ಹೆಸರು ಹೇಳಿಯೇ ಈ ನಿಯಮವನ್ನು ಉದ್ಧರಿಸಿದ್ದಾರೆ. ಮಧ್ಯದಲ್ಲಿ ಎಲ್ಲೂ ಭಿನ್ನರಾಶಿ ಬರುವುದಿಲ್ಲ ಎನ್ನುವುದೇ ಇದರ ಸೊಗಸು.

ತಪ್ಪುವುದು ಮೂರು ಕಡೆ. 2ಯ² − 5ಯ − 4 = 0ರಲ್ಲಿ ಬ = −5, ಹಾಗಾಗಿ −ಬ = +5. ಬ² = (−5)² = 25. ಕ್ಯಾಲ್ಕುಲೇಟರಿನಲ್ಲಿ ಆವರಣವಿಲ್ಲದೆ −5² ಒತ್ತಿದರೆ ಬಹುತೇಕ −25 ಬರುತ್ತದೆ, ಅಲ್ಲಿ ಲೆಕ್ಕ ಕೆಡುತ್ತದೆ. −4ಅಕ = −4 × 2 × (−4) = +32. ಒಟ್ಟು 57. ಯ = (5 ± √57)/4, ಸುಮಾರು 3.14 ಮತ್ತು −0.64. ಮೂರನೆಯ ತಪ್ಪು ಗೆರೆಯದು: ಭಾಗಿಸುವ ಗೆರೆ 5ರ ಕೆಳಗಿನಿಂದಲೇ ಶುರುವಾಗಬೇಕು, ವರ್ಗಮೂಲದ ಕೆಳಗೆ ಮಾತ್ರವಲ್ಲ.

ಯ² = 5ಯ. ಎರಡೂ ಕಡೆ ಯ ಹೊಡೆದರೆ 5 ಬಂತು. ಇನ್ನೊಂದು ಉತ್ತರ ಎಲ್ಲಿ ಹೋಯಿತು?

ಯ ದಿಂದ ಭಾಗಿಸಿದಾಗ ‘ಯ ಸೊನ್ನೆಯಲ್ಲ’ ಎಂದು ಸದ್ದಿಲ್ಲದೆ ಒಪ್ಪಿಕೊಂಡಿರಿ. ಕಳೆದುಹೋದದ್ದು ಆ ಸೊನ್ನೆಯೇ. ಎಲ್ಲವನ್ನೂ ಒಂದೇ ಬದಿಗೆ ತನ್ನಿ: ಯ² − 5ಯ = 0, ಯ(ಯ − 5) = 0, ಯ = 0 ಅಥವಾ 5.

ಎಲ್ಲ ಹಂತವೂ ಸರಿ, ಆದರೂ ಒಂದು ಉತ್ತರ ತಾಳೆಯಾಗಲ್ಲ. ಹೀಗೂ ಆಗುತ್ತಾ?

ಆಗುತ್ತದೆ, ಎರಡೂ ಬದಿಯನ್ನು ವರ್ಗ ಮಾಡಿದಾಗಲೆಲ್ಲ ಇದಕ್ಕೆ ಎಡೆಯಿದೆ. √(ಯ + 7) = ಯ − 5. ವರ್ಗ ಮಾಡಿದರೆ ಯ + 7 = ಯ² − 10ಯ + 25, ಅಂದರೆ ಯ² − 11ಯ + 18 = 0, ಯ = 9 ಅಥವಾ 2. ಯ = 9: √16 = 4, 9 − 5 = 4, ಒಪ್ಪಿತು. ಯ = 2: √9 = 3, ಆದರೆ 2 − 5 = −3. 3 ಮತ್ತು −3 ಬೇರೆ ಬೇರೆ ಸಂಖ್ಯೆಗಳಾದರೂ ಅವುಗಳ ವರ್ಗ ಒಂದೇ. ಆ ಬಾಗಿಲಿನಿಂದ ಹೊರಗಿನ ಉತ್ತರ ಒಳಗೆ ನುಸುಳಿತು. ಇಂಥ ಲೆಕ್ಕದಲ್ಲಿ ತಾಳೆ ನೋಡುವುದು ಲೆಕ್ಕದ ಭಾಗವೇ, ಅದಿಲ್ಲದೆ ಉತ್ತರ ಪೂರ್ತಿಯಾಗುವುದಿಲ್ಲ.

ಅಸಮತೆಯಲ್ಲಿ ಚಿಹ್ನೆ ಯಾವಾಗ ತಿರುಗುತ್ತೆ?

ಋಣ ಸಂಖ್ಯೆಯಿಂದ ಗುಣಿಸಿದಾಗ ಅಥವಾ ಭಾಗಿಸಿದಾಗ: −2ಯ < 6 ಆದರೆ ಯ > −3. ಕೂಡುವಾಗ, ಕಳೆಯುವಾಗ ತಿರುಗುವುದಿಲ್ಲ. ಯ ದಿಂದಲೇ ಗುಣಿಸಲು ಹೋಗಬೇಡಿ. ಅದು ಧನವೋ ಋಣವೋ ಇನ್ನೂ ಗೊತ್ತಿಲ್ಲ. 1/ಯ < 2 ಅನ್ನು ಗುಣಿಸಿ ಯ > 1/2 ಎಂದವರು ಎಲ್ಲ ಋಣ ಸಂಖ್ಯೆಗಳನ್ನೂ ಬಿಟ್ಟಂತಾಯಿತು. ಯ > 0, ಯ < 0 ಎಂದು ಎರಡು ಸಂದರ್ಭ ಬೇರೆ ಮಾಡಿ. ಉತ್ತರ ಯ < 0 ಅಥವಾ ಯ > 1/2.

## ಕಲನಶಾಸ್ತ್ರದ ಹೊಸ್ತಿಲು

ಲಿಮಿಟ್‌ನಲ್ಲಿ 0/0 ಬಂದರೆ ಉತ್ತರವೇ ಇಲ್ಲ ಅಂತ ಬರೆಯಬೇಕಾ?

ಬೇಡ. 0/0 ಎಂದರೆ ‘ಇನ್ನೂ ಕೆಲಸ ಬಾಕಿ ಇದೆ’ ಎಂದಷ್ಟೇ. ಯ → 3 ಆದಾಗ (ಯ² − 9)/(ಯ − 3): ಮೇಲಿನದನ್ನು (ಯ − 3)(ಯ + 3) ಎಂದು ಒಡೆದು ಯ − 3 ಹೊಡೆದರೆ ಯ + 3 ಉಳಿದು ಲಿಮಿಟ್ 6. ಹೊಡೆಯಲು ಹೇಗೆ ಬಿಟ್ಟರು? ಲಿಮಿಟ್‌ನಲ್ಲಿ ಯ 3ರ ಹತ್ತಿರ ಬರುತ್ತದೆ, 3 ಆಗುವುದಿಲ್ಲ. ಆದ್ದರಿಂದ ಯ − 3 ಸೊನ್ನೆಯಲ್ಲ. 2.99 ಹಾಕಿದರೆ 5.99 ಬರುವುದನ್ನು ಕಣ್ಣಾರೆ ನೋಡಿ.

ವರ್ಗಮೂಲವಿದ್ದರೆ ಅನುಬದ್ಧದಿಂದ, ಅಂದರೆ ನಡುವಿನ ಚಿಹ್ನೆ ಮಾತ್ರ ಬದಲಿಸಿದ ರೂಪದಿಂದ ಗುಣಿಸಿ. ಯ → 0 ಆದಾಗ (√(ಯ + 4) − 2)/ಯ ಅನ್ನು ಮೇಲೂ ಕೆಳಗೂ √(ಯ + 4) + 2 ಇಂದ ಗುಣಿಸಿದರೆ ಮೇಲೆ ಯ + 4 − 4 = ಯ ಆಗುತ್ತದೆ; ಅದನ್ನು ಹೊಡೆದ ಮೇಲೆ 1/(√(ಯ + 4) + 2), ಲಿಮಿಟ್ 1/4. ಬೆಲೆ ಹಾಕುವ ಸಾಲಿನವರೆಗೂ ಪ್ರತಿ ಸಾಲಿನಲ್ಲಿ ಲಿಮಿಟ್ ಚಿಹ್ನೆ ಇರಬೇಕು. ಬೆಲೆ ಹಾಕಿದ ಸಾಲಿನಿಂದ ಇರಬಾರದು.

ಡೆರಿವೇಟಿವ್ ತೆಗೆಯುವಾಗ ಹ ಸೊನ್ನೆಯಲ್ಲ ಅಂತ ಭಾಗಿಸಿ, ಆಮೇಲೆ ಸೊನ್ನೆ ಹಾಕ್ತಾರೆ. ಇದು ಮೋಸ ಅಲ್ವಾ?

ಒಳ್ಳೆಯ ಪ್ರಶ್ನೆ. ಡೆರಿವೇಟಿವ್ ಎಂದರೆ ಬೆಲೆ ಬದಲಾಗುವ ದರ, ಹ ಎಂದರೆ ಯ ಬೆಲೆಯಲ್ಲಿ ಮಾಡುವ ಪುಟ್ಟ ಬದಲಾವಣೆ. 1734ರಲ್ಲಿ ತತ್ತ್ವಜ್ಞಾನಿ ಜಾರ್ಜ್ ಬರ್ಕ್ಲಿ ಇದನ್ನೇ ಎತ್ತಿ ಆ ಕಾಲದ ಗಣಿತಜ್ಞರನ್ನು ಇಕ್ಕಟ್ಟಿಗೆ ಸಿಲುಕಿಸಿದ್ದ. ಲಿಮಿಟ್‌ಗೆ ಖಚಿತ ವ್ಯಾಖ್ಯೆ ಸಿಕ್ಕಿದ 19ನೇ ಶತಮಾನದಲ್ಲಷ್ಟೇ ಪೂರ್ತಿ ಉತ್ತರ ಬಂತು. ನಾವು ಹ ಜಾಗದಲ್ಲಿ ಸೊನ್ನೆ ಇಟ್ಟು ಭಾಗಿಸುತ್ತಿಲ್ಲ. ಭಾಗಿಸಿ ಉಳಿದದ್ದು ಯಾವ ಸಂಖ್ಯೆಯ ಕಡೆಗೆ ಸಾಗುತ್ತಿದೆ ಎಂದು ಕೇಳುತ್ತಿದ್ದೇವೆ.

ಫ(ಯ) = 3ಯ² − 5ಯ ಇರಲಿ.

ಫ(ಯ + ಹ) = 3(ಯ + ಹ)² − 5(ಯ + ಹ) = 3ಯ² + 6ಯಹ + 3ಹ² − 5ಯ − 5ಹ
ಫ(ಯ + ಹ) − ಫ(ಯ) = 6ಯಹ + 3ಹ² − 5ಹ
ಹ ದಿಂದ ಭಾಗಿಸಿದರೆ: 6ಯ + 3ಹ − 5
ಹ → 0: ಫ′(ಯ) = 6ಯ − 5

ಎರಡನೆಯ ಸಾಲಿನಲ್ಲಿ ಹ ಇಲ್ಲದ ಪದ ಒಂದೂ ಉಳಿಯಬಾರದು. ಉಳಿದಿದ್ದರೆ ಮೊದಲ ಎರಡು ಸಾಲುಗಳಲ್ಲಿ ಎಲ್ಲೋ ತಪ್ಪಿದೆ. ಫ(ಯ) ಕಳೆಯುವಾಗ ಆವರಣ ಬಿಟ್ಟಿರಬಹುದು.

ಗುಣಾಕಾರದ ನಿಯಮವೋ ಸರಪಳಿ ನಿಯಮವೋ, ಯಾವುದು ಮೊದಲು?

ಯ ಜಾಗದಲ್ಲಿ ಒಂದು ಸಂಖ್ಯೆ ಹಾಕಿ ಬೆಲೆ ಕಟ್ಟುತ್ತಿದ್ದೀರಿ ಎಂದುಕೊಳ್ಳಿ. ನೀವು ಮಾಡುವ ಕಟ್ಟಕಡೆಯ ಕೆಲಸ ಯಾವುದೋ, ಮೊದಲು ಅದರ ನಿಯಮ. ಯ²(3ಯ + 1)⁵ರಲ್ಲಿ ಕೊನೆಗೆ ಮಾಡುವುದು ಗುಣಾಕಾರ, ಆದ್ದರಿಂದ ಮೊದಲು ಗುಣಾಕಾರದ ನಿಯಮ. ಅದರೊಳಗಿನ (3ಯ + 1)⁵ರಲ್ಲಿ ಕೊನೆಯ ಕೆಲಸ ಐದನೇ ಘಾತಕ್ಕೆ ಏರಿಸುವುದು, ಅಲ್ಲಿ ಸರಪಳಿ ನಿಯಮ:

2ಯ(3ಯ + 1)⁵ + ಯ² · 5(3ಯ + 1)⁴ · 3
= ಯ(3ಯ + 1)⁴ [2(3ಯ + 1) + 15ಯ]
= ಯ(3ಯ + 1)⁴ (21ಯ + 2)

ಕೈತಪ್ಪುವುದು ಆ ಒಂಟಿ ‘3’. ಅದು ಒಳಗಿನ 3ಯ + 1ರ ಡೆರಿವೇಟಿವ್. ಯ = 1 ಹಾಕಿ ಮೊದಲ ಸಾಲು, ಕೊನೆಯ ಸಾಲು ಎರಡಕ್ಕೂ 5888 ಬರುತ್ತದೆಯೇ ನೋಡಿ. ಸೈನ್²ಯ ಮತ್ತು ಸೈನ್(ಯ²) ನಡುವಿನ ಗೊಂದಲಕ್ಕೂ ಇದೇ ಮದ್ದು: ಮೊದಲನೆಯದರಲ್ಲಿ ಕೊನೆಯ ಕೆಲಸ ವರ್ಗ, ಎರಡನೆಯದರಲ್ಲಿ ಸೈನ್.

ಡಿಗ್ರಿ ಚೆನ್ನಾಗಿಯೇ ಇತ್ತಲ್ಲ, ರೇಡಿಯನ್ ಯಾಕೆ?

ಸೈನ್‌ನ ಡೆರಿವೇಟಿವ್ ಕಾಸ್ ಆಗುವುದು ಕೋನ ರೇಡಿಯನ್‌ನಲ್ಲಿದ್ದಾಗ ಮಾತ್ರ. ಡಿಗ್ರಿಯಲ್ಲಿ ಅಳೆದರೆ ಪ್ರತಿ ಸಲವೂ π/180, ಸುಮಾರು 0.01745, ಜೊತೆಗೆ ಗುಣಿಸಿಕೊಂಡು ಬರುತ್ತದೆ. ಕ್ಯಾಲ್ಕುಲೇಟರ್ ಯಾವ ಸ್ಥಿತಿಯಲ್ಲಿದೆ ಎಂದು ಮೊದಲು ನೋಡಿಕೊಳ್ಳಿ.

ಗರಿಷ್ಠ ಬೆಲೆಯ ಲೆಕ್ಕದಲ್ಲಿ ಎರಡು ಉತ್ತರ ಬಂದರೆ ಯಾವುದನ್ನು ಬಿಡಬೇಕು?

12 ಸೆಂ.ಮೀ. ಬದಿಯ ಚೌಕ ರಟ್ಟು. ನಾಲ್ಕು ಮೂಲೆಗಳಿಂದ ಯ ಬದಿಯ ಚೌಕ ಕತ್ತರಿಸಿ, ಅಂಚು ಮಡಚಿ, ಮುಚ್ಚಳವಿಲ್ಲದ ಪೆಟ್ಟಿಗೆ ಮಾಡಬೇಕು. ಘನಫಲ ಫ(ಯ) = ಯ(12 − 2ಯ)². ಎರಡು ಕಡೆಯಿಂದಲೂ ಕತ್ತರಿಸುವುದರಿಂದ 2ಯ. ಇಲ್ಲಿ 12 − ಯ ಬರೆದವರ ಲೆಕ್ಕ ಪೂರ್ತಿ ದಾರಿ ತಪ್ಪುತ್ತದೆ.

ಫ′(ಯ) = (12 − 2ಯ)² − 4ಯ(12 − 2ಯ) = (12 − 2ಯ)(12 − 6ಯ)

ಸೊನ್ನೆಯಾಗುವುದು ಯ = 6 ಮತ್ತು ಯ = 2ರಲ್ಲಿ. ಯ = 6 ಎಂದರೆ ರಟ್ಟೆಲ್ಲ ಕತ್ತರಿಸಿಹೋಯಿತು, ಪೆಟ್ಟಿಗೆಯೇ ಇಲ್ಲ. ಲೆಕ್ಕ ಶುರುಮಾಡುವ ಮೊದಲೇ 0 < ಯ < 6 ಎಂದು ಬರೆದಿಟ್ಟಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಯ = 2ರಲ್ಲಿ ಘನಫಲ 2 × 64 = 128 ಘನ ಸೆಂ.ಮೀ.; ಅಕ್ಕಪಕ್ಕದ 1ರಲ್ಲಿ 100, 3ರಲ್ಲಿ 108. ಡೆರಿವೇಟಿವ್ ಸೊನ್ನೆಯಾದ ಮಾತ್ರಕ್ಕೆ ಗರಿಷ್ಠವೆಂದು ತಿಳಿಯಬೇಡಿ. ಯ³ರ ಡೆರಿವೇಟಿವ್ ಯ = 0 ಆದಾಗ ಸೊನ್ನೆ, ಆದರೆ ಅಲ್ಲಿ ಗರಿಷ್ಠವೂ ಇಲ್ಲ ಕನಿಷ್ಠವೂ ಇಲ್ಲ. ಆ ಬಿಂದುವಿನ ಎಡಕ್ಕೂ ಬಲಕ್ಕೂ ಫ′ ಚಿಹ್ನೆ ನೋಡಿ: ಧನದಿಂದ ಋಣಕ್ಕೆ ತಿರುಗಿದರೆ ಗರಿಷ್ಠ.

ಇಂಟಿಗ್ರೇಷನ್‌ನಲ್ಲಿ ಆದೇಶ ವಿಧಾನ ಮಾಡಿದ ಮೇಲೆ ಹಳೆಯ ಮಿತಿಗಳನ್ನೇ ಹಾಕಬಹುದಾ?

ಹಾಕಬಾರದು, ಅವು ಯ ಮಿತಿಗಳು, ಹೊಸ ಅಕ್ಷರದವಲ್ಲ. ಯ(ಯ² + 1)³ ಅನ್ನು 0ರಿಂದ 2ರವರೆಗೆ ಇಂಟಿಗ್ರೇಟ್ ಮಾಡಬೇಕು. ವ = ಯ² + 1 ಇಟ್ಟರೆ ಡವ = 2ಯ ಡಯ, ಆದ್ದರಿಂದ ಯ ಡಯ = ಡವ/2. ಯ = 0 ಆದಾಗ ವ = 1, ಯ = 2 ಆದಾಗ ವ = 5. ಈಗ ವ³/2 ಅನ್ನು 1ರಿಂದ 5ರವರೆಗೆ: (5⁴ − 1⁴)/8 = 624/8 = 78. ಹಳೆಯ 0, 2 ಹಾಕಿದ್ದರೆ 2 ಬರುತ್ತಿತ್ತು. ಮಿತಿಗಳನ್ನು ಬದಲಿಸಿದ ಮೇಲೆ ಮತ್ತೆ ಯ ಕಡೆಗೆ ತಿರುಗಬೇಕಾಗಿಲ್ಲ.

ವಿಸ್ತೀರ್ಣ ಕೇಳಿದರು, ಸೊನ್ನೆ ಬಂತು. ಹೇಗೆ?

ಇಂಟಿಗ್ರಲ್ ಅಕ್ಷದ ಕೆಳಗಿನ ಭಾಗವನ್ನು ಋಣವಾಗಿ ಎಣಿಸುತ್ತದೆ. ಯ² − 2ಯ ರೇಖೆ 0ರಿಂದ 2ರವರೆಗೆ ಅಕ್ಷದ ಕೆಳಗಿದೆ: ಬೆಲೆ −4/3. 2ರಿಂದ 3ರವರೆಗೆ ಮೇಲಿದೆ: +4/3. ಒಟ್ಟು ಇಂಟಿಗ್ರಲ್ 0, ಆದರೆ ವಿಸ್ತೀರ್ಣ 8/3. ವಿಸ್ತೀರ್ಣದ ಲೆಕ್ಕದಲ್ಲಿ ಮೊದಲು ರೇಖೆ ಅಕ್ಷವನ್ನು ಎಲ್ಲಿ ದಾಟುತ್ತದೆ ಎಂದು ಕಂಡುಹಿಡಿದು, ಅಲ್ಲಿ ತುಂಡು ಮಾಡಿ.

ನನ್ನ ಉತ್ತರ ಪುಸ್ತಕದ ಉತ್ತರದ ಹಾಗೆ ಕಾಣಲ್ಲ. ತಪ್ಪಾ?

ತಪ್ಪೇ ಆಗಿರಬೇಕಿಲ್ಲ. ಸೈನ್(ಯ) · ಕಾಸ್(ಯ) ಇಂಟಿಗ್ರಲ್‌ಗೆ ಒಬ್ಬರಿಗೆ ಸೈನ್²ಯ/2 ಬರುತ್ತದೆ, ಇನ್ನೊಬ್ಬರಿಗೆ −ಕಾಸ್²ಯ/2. ಇವೆರಡರ ವ್ಯತ್ಯಾಸ (ಸೈನ್²ಯ + ಕಾಸ್²ಯ)/2 = 1/2, ಒಂದು ಸ್ಥಿರಾಂಕ. ಕೊನೆಯಲ್ಲಿ ಬರೆಯುವ ‘+ ಸಿ’ ಅದನ್ನು ನುಂಗಿಕೊಳ್ಳುತ್ತದೆ. ‘ಸಿ’ ಬಿಟ್ಟರೆ ಅಂಕ ಯಾಕೆ ಕಳೆಯುತ್ತಾರೆ ಎನ್ನುವುದಕ್ಕೂ ಇದೇ ಕಾರಣ. ಅನುಮಾನವಿದ್ದರೆ ನಿಮ್ಮ ಉತ್ತರವನ್ನು ಡಿಫರೆನ್ಶಿಯೇಟ್ ಮಾಡಿ. ಪ್ರಶ್ನೆ ಮರಳಿ ಬಂದರೆ ಉತ್ತರ ಸರಿ.

ಬಿಡಿಸಿದ ಲೆಕ್ಕ ನೋಡಿದರೆ ಎಲ್ಲ ಅರ್ಥವಾಗುತ್ತೆ, ನಾನೇ ಕೂತರೆ ಒಂದು ಸಾಲೂ ಬರಲ್ಲ. ಏನು ಮಾಡಲಿ?

ಒಂದು ಸಾಲು ಸರಿಯೆಂದು ಒಪ್ಪುವುದು ಬೇರೆ, ಮುಂದಿನ ಸಾಲು ಯಾವುದಿರಬೇಕೆಂದು ನಿರ್ಧರಿಸುವುದು ಬೇರೆ. ನೋಡುವಾಗ ನಡೆಯುವುದು ಮೊದಲನೆಯದು ಮಾತ್ರ. ಪರಿಹಾರದ ಮೇಲೆ ಒಂದು ಹಾಳೆ ಮುಚ್ಚಿ, ಪ್ರಶ್ನೆಯಷ್ಟೇ ಕಾಣಲಿ. ಮೊದಲ ಸಾಲು ನೀವು ಬರೆದ ಮೇಲೆ ಹಾಳೆಯನ್ನು ಒಂದು ಸಾಲು ಕೆಳಗೆ ಜಾರಿಸಿ ಹೋಲಿಸಿ. ಬೇರೆ ಬಂದರೆ ಅಲ್ಲೇ ನಿಂತು, ನಿಮ್ಮ ಸಾಲು ತಪ್ಪೋ ಅಥವಾ ಬೇರೆ ದಾರಿಯೋ ನೋಡಿ. ಮರುದಿನ ಅದೇ ಲೆಕ್ಕವನ್ನು ಖಾಲಿ ಹಾಳೆಯಲ್ಲಿ ಮಾಡಿ. ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನಿಮ್ಮ ತಪ್ಪುಗಳನ್ನು ಒಂದೊಂದು ಸಾಲಿನಲ್ಲಿ ಬರೆದಿಡಿ: ‘ಆವರಣದ ಎರಡನೇ ಪದಕ್ಕೆ ಮೈನಸ್ ಮರೆತೆ’, ‘ಒಳಗಿನ ಡೆರಿವೇಟಿವ್ ಬಿಟ್ಟೆ’. ಹತ್ತು ಸಾಲು ತುಂಬುವ ಹೊತ್ತಿಗೆ ಎರಡೋ ಮೂರೋ ತಪ್ಪುಗಳೇ ಮತ್ತೆ ಮತ್ತೆ ಬಂದಿರುವುದು ಕಾಣಬಹುದು. ಉತ್ತರ ಬರೆದ ಮೇಲೆ ಮೊದಲು ಹುಡುಕಬೇಕಾದದ್ದು ಅವನ್ನೇ.